ಹದಿನೇಳನೇ ನಂಬರಿನಲ್ಲಿ ಯಾರೂ ವಾಸವಿಲ್ಲ

ಫಿರ್ಮಿನ್ ದೊಬ್ಬೆಲಾರೆ ತನ್ನ ಜೀವಮಾನದಲ್ಲಿ ಯಾವ ಅಂಗಡಿಯಿಂದಲೂ ಹತ್ತು ನಿಮಿಷದೊಳಗೆ ಹೊರಗೆ ಬಂದವನಲ್ಲ. ಒಂದು ಜೊತೆ ಕಾಲುಚೀಲ ಕೊಳ್ಳಲು ಹೋದರೂ ಬೂದು ಬಣ್ಣದ್ದೋ ಕಂದು ಬಣ್ಣದ್ದೋ ಎಂದು ಅಳೆದು ತೂಗಿ, ಕೊನೆಗೆ ಅಂಗಡಿಯವರು ದೀಪ ಆರಿಸತೊಡಗಿದಾಗ ಬರಿಗೈಯಲ್ಲಿ ಮನೆಗೆ ಬರುವ ಪೈಕಿ. ಅಂಥವನ ಮೇಲೆ ಅವನ ಹೆಂಡತಿ ಲೀಸೆಲೊಟ್, ಲೋಕೆರೆನ್ ಊರಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡು, ಒಂದೇ ಒಂದು ಕೆಲಸ ಹೊರಿಸಿದಳು. ಹೊಸ ಮನೆಗೆ ಗ್ಯಾಸು ಮತ್ತು ಕರೆಂಟು ಯಾವ ಕಂಪನಿಯಿಂದ ತೆಗೆದುಕೊಳ್ಳುವುದು ಎಂದು ಆರಿಸುವ ಕೆಲಸ.

ಅವರು ಹದಿನೇಳನೇ ನಂಬರಿನ ಮನೆಗೆ ಬಂದದ್ದು ಶನಿವಾರ. ಸಾಮಾನು ಹೊತ್ತ ಗಾಡಿಯ ಕುಲುಕಾಟವೋ ಏನೋ, ಮೂರು ವಾರ ಬಿಟ್ಟು ಬರಬೇಕಾಗಿದ್ದ ಮಗಳು ಭಾನುವಾರ ಬೆಳಿಗ್ಗೆಯೇ ಬಂದುಬಿಟ್ಟಳು. ತಾಯಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರಿಂದ ಶುಕ್ರವಾರದವರೆಗೆ ಆಸ್ಪತ್ರೆಯಲ್ಲೇ ಇರಬೇಕೆಂದು ಡಾಕ್ಟರು ಹೇಳಿದ್ದರು.

"ಶುಕ್ರವಾರ ಮಧ್ಯಾಹ್ನ ಮಗು ಮನೆಗೆ ಬರುತ್ತೆ ಫಿರ್ಮಿನ್. ಫೆಬ್ರವರಿ ತಿಂಗಳು. ಮನೆ ಬೆಚ್ಚಗಿರ್ಬೇಕು. ನಾನು ಕೇಳೋದು ಅಷ್ಟೇ," ಎಂದಳು ಲೀಸೆಲೊಟ್.

"ನನಗೆ ಬಿಡು," ಎಂದ ಫಿರ್ಮಿನ್.

ಗಂಡಸರು ಈ ಎರಡು ಪದಗಳನ್ನು ಬಾಯಿಂದ ಹೊರಗೆ ಬಿಡುವ ಮೊದಲು ಯಾರಾದರೂ ಅವರ ಬಾಯಿ ಮುಚ್ಚಿಸುವ ಏರ್ಪಾಡು ಸಮಾಜದಲ್ಲಿ ಇರಬೇಕಿತ್ತು. ಇಲ್ಲ.

ಆ ಮನೆಯಲ್ಲಿ ಮೊದಲಿದ್ದ ಹಲ್ಲಿನ ಡಾಕ್ಟರು ಸ್ಪೇನ್ ದೇಶಕ್ಕೆ ಹೋಗುವ ಮುನ್ನ ತಮ್ಮ ಒಪ್ಪಂದಗಳನ್ನೆಲ್ಲ ಮುಗಿಸಿ ಹೋಗಿದ್ದರು. ಒಲೆಯಲ್ಲಿ ಮತ್ತು ಮನೆ ಬೆಚ್ಚಗಿಡುವ ಹೀಟರಿನಲ್ಲಿ ಗ್ಯಾಸು, ಗೋಡೆಯಲ್ಲಿ ಕರೆಂಟು ಸದ್ಯಕ್ಕೆ ಯಾರ ಹೆಸರೂ ಇಲ್ಲದೆ ಬರುತ್ತಿದ್ದವು. ಹೀಗೆ ಅನಾಥವಾಗಿ ಬರುವ ಗ್ಯಾಸನ್ನು ಆ ದೇಶದಲ್ಲಿ ಬಹಳ ದಿನ ಬಿಡುವುದಿಲ್ಲ. ಹೊಸಬರು ಬೇಗ ಒಂದು ಕಂಪನಿಯನ್ನು ಆರಿಸಿ ಹೆಸರು ಬರೆಸಬೇಕು. "ಮನೆಯ ನಿವಾಸಿಗಳಿಗೆ" ಎಂದು ಒಂದು ಪತ್ರ ಈ ವಿಷಯವನ್ನೇ ಹೇಳಲು ಬಂದಿತ್ತು. ಹೆಸರಿಲ್ಲದ ಪತ್ರವೆಲ್ಲ ಜಾಹೀರಾತೇ ಎಂದು ನಂಬಿದ್ದ ಫಿರ್ಮಿನ್ ಅದನ್ನು ಒಡೆಯದೆ ರದ್ದಿಗೆ ಹಾಕಿದ್ದ.

ಆದರೆ ಅವನು ಸುಮ್ಮನೆ ಕೂತಿರಲಿಲ್ಲ. ನಗರ ಗ್ರಂಥಾಲಯದಲ್ಲಿ ವಾಪಸು ಬಂದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವ ಗುಮಾಸ್ತ ಅವನು. ಮನೆ ಬದಲಿಸುವ ಮೊದಲೇ ತರಿಸಿಟ್ಟಿದ್ದ ಹದಿನಾಲ್ಕು ಕಂಪನಿಗಳ ಕರಪತ್ರ ತೆಗೆದು, ನಾಲ್ಕು ಹಾಳೆ ಅಂಟಿಸಿ, ಇಪ್ಪತ್ಮೂರು ಕಾಲಮ್ಮಿನ ಒಂದು ಪಟ್ಟಿ ಎಳೆದ. ಗಾಳಿಯಿಂದ ಬಂದ ಕರೆಂಟೋ, ಬಿಸಿಲಿನಿಂದ ಬಂದದ್ದೋ, ಫೋನ್ ಮಾಡಿದರೆ ಮನುಷ್ಯರು ಎತ್ತುತ್ತಾರೋ ಯಂತ್ರ ಎತ್ತುತ್ತದೋ, ಎಲ್ಲಕ್ಕೂ ಒಂದೊಂದು ಕಾಲಮ್ಮು. ಪಟ್ಟಿ ತುಂಬಿದಷ್ಟೂ ಅವನ ಎದೆಬಡಿತ ಹೆಚ್ಚಾಯಿತು. ಮೂರನೆಯ ಕಂಪನಿ ಚೆನ್ನಾಗಿ ಕಂಡರೆ ಒಂಬತ್ತನೆಯದು ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಒಂಬತ್ತನೆಯದಕ್ಕೆ ಗೀಟು ಎಳೆಯಲು ಹೋದರೆ ಮೂರನೆಯದು ಪಾಪ ಎನ್ನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಮೊದಲ ಮಾರಾಟಗಾರ ಬಾಗಿಲು ತಟ್ಟಿದ. ಹೊಸಬರು ಬಂದ ವಾಸನೆ ಅವರಿಗೆ ಹೇಗೆ ಹತ್ತುತ್ತದೋ ದೇವರಿಗೇ ಗೊತ್ತು. ಆ ಮನುಷ್ಯ ಎರಡು ಗಂಟೆ ಕೂತು, ಮೂರು ಕಾಫಿ ಕುಡಿದು, ಫಿರ್ಮಿನ್ನನ ಪಟ್ಟಿಗೆ ಇಪ್ಪತ್ನಾಲ್ಕನೆಯ ಕಾಲಮ್ಮು ಸೇರಿಸಿ ಹೋದ. ಅವನನ್ನು ಸಾಗಹಾಕಿದ ಮೇಲೆ ಮಗುವಿನ ಕೋಣೆಗೆ ಬಣ್ಣ ಹಚ್ಚೋಣವೆಂದು ಫಿರ್ಮಿನ್ ಬಿಳಿ ಮೇಲುಡುಪು ತೊಟ್ಟ. ಒಂದು ಗೇಣು ಗೋಡೆಗೆ ಹಚ್ಚುವಷ್ಟರಲ್ಲಿ ಮತ್ತೆ ಕರೆಗಂಟೆ ಬಾರಿಸಿತು.

ಬಾಗಿಲಲ್ಲಿ ಕೆನ್ನೆಯಲ್ಲಿ ಗುಳಿ ಬೀಳುವ ಇನ್ನೊಬ್ಬ ಮಾರಾಟಗಾರ, ಕಂಕುಳಲ್ಲಿ ಫೈಲು.

"ಮನೆ ಯಜಮಾನ್ರು ತಾವೇನಾ ಮೆನೀರ್?" ಎಂದ. ಮೆನೀರ್ ಎಂದರೆ ಅವರ ಭಾಷೆಯಲ್ಲಿ ಸ್ವಾಮಿ.

ಫಿರ್ಮಿನ್ನನ ಕಣ್ಣಮುಂದೆ ಇನ್ನೆರಡು ಗಂಟೆ, ಇನ್ನು ಮೂರು ಕಾಫಿ ಹಾದುಹೋದವು. ಕೈಯಲ್ಲಿ ಬ್ರಶ್ಶು, ಮೈಮೇಲೆ ಬಿಳಿ ಉಡುಪು. ನಾಲಿಗೆ ತಾನಾಗಿಯೇ ಹೊರಳಿತು.

"ಅಲ್ಲ. ಇಲ್ಲಿ ಯಾರೂ ವಾಸ ಇಲ್ಲ. ನಾನು ಪೇಂಟರ್."

"ಓ, ಹಾಗಾ. ಬಂದಾಗ ಇದನ್ನ ಕೊಟ್ಬಿಡಿ," ಎಂದು ಆತ ಒಂದು ಕರಪತ್ರ ಕೈಗಿಟ್ಟು ಹೊರಟೇಹೋದ. ಫಿರ್ಮಿನ್ ಬಾಗಿಲಿಗೆ ಒರಗಿ ನಿಂತ. ಇಷ್ಟು ಸುಲಭದ ಉಪಾಯ ನಲವತ್ತೊಂದು ವರ್ಷ ತನಗೆ ಯಾಕೆ ಹೊಳೆದಿರಲಿಲ್ಲ ಎಂದು ಅವನಿಗೆ ಬೇಸರವೇ ಆಯಿತು.

ಮಂಗಳವಾರ ಬಂದವನು ಮೀಸೆಯ ಲಾಂಬ್ರೆಖ್ಟ್. ಅವನ ಕಂಕುಳಲ್ಲೂ ಫೈಲು, ಎದೆಯ ಮೇಲೆ ಗುರುತಿನ ಬಿಲ್ಲೆ. ಅವನು ಮಾರಾಟಗಾರನಲ್ಲ, ಊರಿನ ಗ್ಯಾಸ್ ಕೊಳವೆ, ಕರೆಂಟಿನ ತಂತಿಗಳನ್ನು ನೋಡಿಕೊಳ್ಳುವ ಸಂಸ್ಥೆಯವನು. ಆದರೆ ಫಿರ್ಮಿನ್ ಅವನಿಗೆ ಬಾಯಿ ತೆರೆಯಲು ಅವಕಾಶ ಕೊಟ್ಟರೆ ತಾನೆ.

"ನಾನು ಬಂದಿರೋದು ಗ್ಯಾಸು ಕರೆಂಟಿನ ವಿಷಯ..."

"ಇಲ್ಲಿ ಯಾರೂ ವಾಸ ಇಲ್ಲ. ನಾನು ಪೇಂಟರ್."

"ಯಾರೂ ಇಲ್ವಾ? ಖಚಿತವಾಗಿ ಗೊತ್ತಾ?"

"ಒಂದು ನರಪಿಳ್ಳೆ ಇಲ್ಲ."

"ಹಾಗಾದ್ರೆ ಖಾಲಿ ಮನೆ ಅಂತ ಬರ್ಕೊಳ್ಳಲಾ?"

"ಧಾರಾಳವಾಗಿ ಬರ್ಕೊಳ್ಳಿ. ಸ್ವಲ್ಪ ದಪ್ಪಕ್ಷರದಲ್ಲೇ ಬರ್ಕೊಳ್ಳಿ, ನಿಮ್ಮ ಮಿಕ್ಕ ಜನಕ್ಕೂ ಕಾಣ್ಲಿ," ಎಂದ ಫಿರ್ಮಿನ್.

ಲಾಂಬ್ರೆಖ್ಟ್ ದಪ್ಪಕ್ಷರದಲ್ಲೇ ಬರೆದುಕೊಂಡ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಸಹಕಾರ ಕೊಟ್ಟ ಪೇಂಟರನ್ನು ತಾನು ಕಂಡಿಲ್ಲವೆಂದು ಹೊಗಳಿ ಹೋದ.

ಸಂಜೆ ಲೀಸೆಲೊಟ್ ಫೋನ್ ಮಾಡಿದಳು. "ಆರಿಸಿದ್ಯಾ?"

"ಬಹುತೇಕ."

"ಬಹುತೇಕ ಅಂದ್ರೆ?"

"ಹದಿನಾಲ್ಕರಲ್ಲಿ ಹದಿಮೂರಕ್ಕೆ ಬಂದಿದೀನಿ."

ಆಕೆ ಫೋನಿನ ಆ ಕಡೆಯಿಂದ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಪುಟ್ಟ ಉಸಿರೂ ಕೇಳಿಸಿದಂತಾಗಿ ಅವನು ಪಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ.

ಬುಧವಾರ ಬೆಳಿಗ್ಗೆ ಕಸದ ಚೀಲ ಇಡಲು ಹೊರಗೆ ಬಂದರೆ ಬೇಲಿಯಾಚೆಯಿಂದ ಒಂದು ಕೈ ಅವನನ್ನು ಕರೆಯಿತು. ಪಕ್ಕದ ಹದಿನೈದನೇ ನಂಬರಿನ ಮೇಡಂ ಕ್ಲೋತಿಲ್ಡ್. ಎಪ್ಪತ್ತಾರು ವರ್ಷದ ವಿಧವೆ, ಶನಿವಾರ ಊರಲ್ಲಿಲ್ಲದೆ ಸಾಮಾನಿನ ಗಾಡಿ ಬಂದದ್ದನ್ನು ತಪ್ಪಿಸಿಕೊಂಡವರು. ಕಿವಿ ಬೆಕ್ಕಿನದು, ಬೀದಿಯಲ್ಲಿ ಯಾರ ಮನೆಯ ಕರೆಗಂಟೆ ಬಾರಿಸಿದರೂ ತನ್ನದೇ ಎಂಬಷ್ಟು ಶ್ರದ್ಧೆಯಿಂದ ಆಲಿಸುವವರು.

"ನೀನೇ ಅಲ್ವಾ ಆ ಪೇಂಟರು? ಎರಡು ದಿನದಿಂದ ಕೇಳಿಸ್ಕೊಂಡಿದೀನಿ. ಬಾ ಮಗಾ, ನನ್ನ ಗೇಟು ನೋಡು. ತುಕ್ಕು ಹಿಡಿದು ನನಗಿಂತ ಮುದಿಯಾಗಿದೆ. ಹಸಿರು ಡಬ್ಬ ನನ್ನ ಹತ್ರಾನೇ ಇದೆ."

"ಮೇಡಂ, ನಾನು ನಿಜವಾಗಿ..."

"ನಿಜವಾಗಿ ಏನು? ಆ ಕಾಣದ ಮನೆಯವರಿಗೆ ಬಳಿತೀಯ, ಪಕ್ಕದಲ್ಲಿರೋ ಮುದುಕಿಗೆ ಬಳಿಯಲ್ವಾ? ಊಟಕ್ಕೆ ಸೂಪು ಇದೆ."

ನಾನು ಸುಳ್ಳು ಹೇಳಿದೆ, ಇದು ನನ್ನದೇ ಮನೆ ಎಂದು ಹೇಳಲು ಅವನು ಬಾಯಿ ತೆರೆದ. ಜೀವಮಾನವೆಲ್ಲ ಬೇಲಿಗೆ ಬೇಲಿ ತಾಗಿಕೊಂಡು ಬಾಳಬೇಕಾದ ಹೆಂಗಸು. ಮೊದಲ ಪರಿಚಯಕ್ಕೇ ಸುಳ್ಳುಗಾರ ಎನ್ನಿಸಿಕೊಳ್ಳುವುದೇ? ಬಾಯಿ ಮುಚ್ಚಿ ಬ್ರಶ್ಶು ತಂದ. ನೆಲಕ್ಕೆ ಬಣ್ಣ ಬೀಳದಿರಲೆಂದು ಹದಿನಾಲ್ಕು ಕಂಪನಿಗಳ ಕರಪತ್ರಗಳನ್ನೂ ತಂದು ಗೇಟಿನ ಕೆಳಗೆ ಹಾಸಿದ. ಗುಳಿಕೆನ್ನೆಯವನು ಕೊಟ್ಟ ಹದಿನೈದನೆಯದನ್ನೂ ಹಾಸಿ ಅದರ ಮೇಲೆ ಡಬ್ಬ ಇಟ್ಟ.

ಅವನ ಕೆಲಸವನ್ನು ವರ್ಣಿಸುವುದು ಕಷ್ಟ. ತುಕ್ಕು ಉಜ್ಜಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಬಣ್ಣ ಕಡಿಮೆ ಎನ್ನಿಸಿದ ಕಡೆ ಡಬ್ಬವನ್ನೇ ಬಗ್ಗಿಸಿದ. ತಿರುಗಣಿ, ಚಿಲಕ, ಬೀಗದ ಕಣ್ಣು, ಅಂಚೆ ಹಾಕುವ ಸಂದು, ಯಾವುದಕ್ಕೂ ಭೇದಭಾವ ಮಾಡಲಿಲ್ಲ. ಹಾದುಹೋಗುತ್ತಿದ್ದ ಮೇಡಂ ಬೆಕ್ಕಿನ ಬಾಲಕ್ಕೂ ಒಂದು ಕೋಟು ಬಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲಿ ಒಂದು ವಿಚಿತ್ರ ಆಯಿತು, ಅವನಿಗೆ ಖುಷಿಯಾಗತೊಡಗಿತು. ಇಲ್ಲಿ ಆರಿಸುವುದು ಏನೂ ಇಲ್ಲ. ಒಂದೇ ಡಬ್ಬ, ಒಂದೇ ಹಸಿರು. ತನ್ನ ಕೈಯಲ್ಲಿ ಒಂದು ಕಲೆ ಇದೆಯೆಂದು ಅವನಿಗೆ ಮೊದಲ ಸಲ ಅನ್ನಿಸಿತು.

ಅಷ್ಟರಲ್ಲಿ ಸೈಕಲ್ಲಿನ ಮೇಲೆ ಪೊಲೀಸ್ ಬಂದ.

ಮನೆ ಬದಲಾಯಿಸಿದವರು ಪುರಸಭೆಯಲ್ಲಿ ಹೊಸ ವಿಳಾಸ ಬರೆಸಿದ ಮೇಲೆ, ಅವರು ನಿಜಕ್ಕೂ ಅಲ್ಲೇ ವಾಸವಿದ್ದಾರೋ ಎಂದು ಆ ಬೀದಿಯ ಪೊಲೀಸ್ ಬಂದು ಕಣ್ಣಾರೆ ನೋಡಬೇಕು. ಅವನು ನೋಡಿ ಒಪ್ಪಿದರೆ ಮಾತ್ರ ನೀವು ನಿಮ್ಮ ಮನೆಯಲ್ಲಿ ಇದ್ದೀರಿ, ಇಲ್ಲವಾದರೆ ಮಂಚದ ಮೇಲೆ ಮಲಗಿದ್ದರೂ ಇಲ್ಲ. ಈ ಬೀದಿಯ ಪೊಲೀಸ್ ಓಡಿಲಾನ್ ಬಹಳ ನಿಧಾನಸ್ಥ. ಹದಿನೇಳರ ಕರೆಗಂಟೆ ಒತ್ತಿದ. ಗಂಟೆಯ ಪಕ್ಕದಲ್ಲಿ ಇನ್ನೂ ಹಲ್ಲಿನ ಡಾಕ್ಟರ ಹೆಸರೇ ಇತ್ತು, ಏಕೆಂದರೆ ತನ್ನ ಹೆಸರನ್ನು ಯಾವ ಅಕ್ಷರದಲ್ಲಿ ಬರೆಸುವುದೆಂದು ಫಿರ್ಮಿನ್ ಇನ್ನೂ ಆರಿಸಿರಲಿಲ್ಲ. ಯಾರೂ ತೆರೆಯದಿದ್ದಾಗ ಓಡಿಲಾನ್ ಬೇಲಿಯ ಕಡೆ ತಿರುಗಿದ.

"ಮೇಡಂ ಕ್ಲೋತಿಲ್ಡ್, ಇಲ್ಲಿ ದೊಬ್ಬೆಲಾರೆ ಅಂತ ಯಾರಾದ್ರೂ ವಾಸ ಇದ್ದಾರಾ?"

"ಯಾರೂ ಇಲ್ಲ. ಈ ಪೇಂಟರು ಬರ್ತಾನೆ ಹೋಗ್ತಾನೆ ಅಷ್ಟೇ. ಬೇಕಾದ್ರೆ ಅವನನ್ನೇ ಕೇಳಿ."

ಓಡಿಲಾನ್ ಫಿರ್ಮಿನ್ನನನ್ನು ಮೇಲಿಂದ ಕೆಳಗೆ ನೋಡಿದ. "ಪೇಂಟರಾ? ಲೈಸೆನ್ಸು ಇರೋ ಪೇಂಟರಾ, ಕದ್ದು ಕೆಲಸ ಮಾಡೋ ಪೇಂಟರಾ?"

ಸರ್ಕಾರಕ್ಕೆ ತಿಳಿಸದೆ ಕೂಲಿ ಮಾಡುವುದು ಆ ನಾಡಿನಲ್ಲಿ ಎಲ್ಲರೂ ಮಾಡುವ, ಎಲ್ಲರೂ ಹೆದರುವ ಅಪರಾಧ. ಪೇಂಟರ್ ಎಂದರೆ ದಂಡ, ಅಲ್ಲ ಎಂದರೆ ಸುಳ್ಳುಗಾರ.

"ನಾನು... ಬ್ರಶ್ಶು ಹಿಡ್ಕೊಂಡಿದೀನಿ ಅಷ್ಟೇ," ಎಂದ.

"ಅವನಿಗೆ ನಾನು ಬರೀ ಸೂಪು ಕೊಡ್ತಿರೋದು," ಎಂದರು ಮೇಡಂ, ತನಗೂ ದಂಡ ಬಿದ್ದೀತೆಂದು.

ಓಡಿಲಾನ್ ತನ್ನ ಪುಸ್ತಕದಲ್ಲಿ "ವಾಸವಿಲ್ಲ" ಎಂದು ಬರೆದು, ಕೆಳಗೆ ಗೆರೆ ಎಳೆದು, ಸೈಕಲ್ ಹತ್ತಿದ.

ಗುರುವಾರದ ಅಂಚೆಯಲ್ಲಿ ಎರಡು ಚೀಟಿಗಳು ಬಂದವು. ಒಂದು ಪುರಸಭೆಯದು, ಫಿರ್ಮಿನ್ ದೊಬ್ಬೆಲಾರೆ ಹದಿನೇಳನೇ ನಂಬರಿನಲ್ಲಿ ವಾಸವಿಲ್ಲ. ಇನ್ನೊಂದು ಕೊಳವೆ ಸಂಸ್ಥೆಯದು, ಮನೆ ಖಾಲಿ ಇರುವುದರಿಂದ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಗ್ಯಾಸು, ಕರೆಂಟು ಕಡಿತ. ಫಿರ್ಮಿನ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಹತ್ತಕ್ಕೆ ಕಡಿತ, ಹನ್ನೆರಡಕ್ಕೆ ಮಗು. ಐದು ದಿನದ ಕೂಸನ್ನು ತಣ್ಣನೆಯ ಕತ್ತಲೆ ಮನೆಗೆ ಬರಮಾಡಿಕೊಳ್ಳುವ ತಂದೆ ತಾನು ಎಂದು ನೆನೆದು ಅವನಿಗೆ ಅಳುವೇ ಬಂತು.

ಸಂಸ್ಥೆಗೆ ಫೋನ್ ಮಾಡಿದ. ಎತ್ತಿದ ಹೆಂಗಸು ಬಹಳ ವಿನಯವಂತೆ.

"ನಮ್ಮ ದಾಖಲೆ ಪ್ರಕಾರ ಆ ಮನೇಲಿ ಯಾರೂ ಇಲ್ಲ ಮೆನೀರ್."

"ನಾನಿದೀನಿ."

"ನಿಮ್ಮನ್ನ ಬಿಟ್ರೆ ಇನ್ಯಾರು ಹೇಳ್ತಾರೆ ನೀವಿದೀರಿ ಅಂತ? ಖಾಲಿ ಇದೆ ಅಂತ ಸ್ಥಳದಲ್ಲಿದ್ದ ಪೇಂಟರೇ ಹೇಳಿದಾರೆ."

"ಆ ಪೇಂಟರು ನಾನೇ."

"ಹಾಗಾದ್ರೆ ನೀವು ನಿವಾಸಿ ಅಲ್ವಲ್ಲ."

"ನಾನು ಸುಳ್ಳು ಹೇಳಿದ್ದೆ."

"ಆವಾಗಲೋ ಈವಾಗಲೋ?"

ಫಿರ್ಮಿನ್ ಐದು ದಿನದ ಕೂಸಿನ ಕಥೆ ಹೇಳಿಕೊಂಡ. ಕೊನೆಗೆ ಆಕೆ ಕರುಣೆಯಿಂದ ಒಂದು ದಾರಿ ತೋರಿಸಿದಳು. ಶುಕ್ರವಾರ ನಮ್ಮ ಲಾಂಬ್ರೆಖ್ಟ್ ಬಂದಾಗ ಎರಡು ಸಿದ್ಧವಿರಲಿ, ವಾಸವಿದ್ದೀರೆಂದು ಪೊಲೀಸಿನ ಸಹಿ ಮತ್ತು ನೀವು ಆರಿಸಿದ ಕಂಪನಿಯ ಹೆಸರು. ಎರಡರಲ್ಲಿ ಒಂದಿಲ್ಲದಿದ್ದರೂ ಅವನು ತಿರುಪು ತಿರುಗಿಸುತ್ತಾನೆ.

ಫಿರ್ಮಿನ್ ಠಾಣೆಗೆ ಓಡಿ ಓಡಿಲಾನನ ಕೈಕಾಲು ಹಿಡಿದ. ಬೆಳಿಗ್ಗೆ ಬಂದು ಇನ್ನೊಮ್ಮೆ ನೋಡುವೆನೆಂದು ಆತ ಒಪ್ಪಿದ. ಸಂಜೆ ಲೀಸೆಲೊಟ್ಟಳ ಫೋನು.

"ಆರಿಸಿದ್ಯಾ?"

"ಬಹುತೇಕ," ಎಂದ ಫಿರ್ಮಿನ್.

ಶುಕ್ರವಾರ ಹತ್ತಕ್ಕೆ ಲಾಂಬ್ರೆಖ್ಟ್ ತನ್ನ ಸ್ಪ್ಯಾನರ್ ಚೀಲದೊಂದಿಗೆ ಬಂದ. ಪೇಂಟರನ್ನು ಕಂಡು ಹಳೆಯ ಗೆಳೆಯನನ್ನು ಕಂಡಂತೆ ಕೈಕುಲುಕಿ ನೆಲಮಾಳಿಗೆಗೆ ಇಳಿದ. ಪೊಲೀಸಿನವರು ಬಂದು ಹೋಗುವ ತನಕ ಕಾಯುತ್ತೇನೆ, ಆದರೆ ಹನ್ನೊಂದಕ್ಕೆ ಇನ್ನೊಂದು ಮನೆಯಿದೆ ಎಂದ. ಓಡಿಲಾನ್ ಹತ್ತೂವರೆಗೆ ಬಂದ.

"ಗುರುತಿನ ಚೀಟಿ ತೋರಿಸಿ."

ತೋರಿಸಿದ. ಅದರಲ್ಲಿ ಹಳೆಯ ವಿಳಾಸ. ಹೊಸದು ಬರಬೇಕಾದರೆ ಓಡಿಲಾನನ ಸಹಿ ಬೇಕು, ಓಡಿಲಾನನ ಸಹಿ ಬೇಕಾದರೆ ಹೊಸ ವಿಳಾಸ ನಿಜವಿರಬೇಕು.

"ಮಲಗೋದೆಲ್ಲಿ?"

ಮಂಚ ಇನ್ನೂ ಜೋಡಿಸಿರಲಿಲ್ಲ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಾಸಿಗೆ, ಪಕ್ಕದಲ್ಲಿ ಏಣಿ.

"ಮಧ್ಯಾಹ್ನ ಪೇಂಟರುಗಳು ಒರಗೋದು ಹೀಗೇ," ಎಂದ ಓಡಿಲಾನ್.

ಹಲ್ಲುಜ್ಜುವ ಬ್ರಶ್ಶು ಮಗುವಿನ ಕೋಣೆಯ ಬಣ್ಣದ ಬ್ರಶ್ಶುಗಳ ಜೊತೆ ಒಂದೇ ಲೋಟದಲ್ಲಿತ್ತು. ಫ್ರಿಜ್ಜಿನಲ್ಲಿ ಕಾಗದ ಸುತ್ತಿದ ಅರ್ಧ ಚೀಸ್ ಬ್ರೆಡ್ಡು. ಒಂದೇ ಒಂದು ಕಾಫಿ ಕಪ್ಪು. ಮದುವೆಯ ಫೋಟೋ ಮೂವತ್ತೊಂಬತ್ತು ಪೆಟ್ಟಿಗೆಗಳಲ್ಲಿ ಯಾವುದರಲ್ಲೋ ಇತ್ತು. ತೊಟ್ಟಿಲನ್ನು ತೋರಿಸಿದರೆ, "ಇದು ಮನೆಯವರದ್ದು, ಹುಷಾರು, ಬಣ್ಣ ಬೀಳ್ಸಬೇಡಿ," ಎಂದ ಓಡಿಲಾನ್. ನೋಡಿದಷ್ಟೂ ಆ ಮನೆ ಪೇಂಟರ್ ಒಬ್ಬ ಬಂದುಹೋಗುವ ಖಾಲಿ ಮನೆಯಾಗಿಯೇ ಕಾಣುತ್ತಿತ್ತು. ಫಿರ್ಮಿನ್ನನಿಗೇ ಒಂದು ಕ್ಷಣ ತಾನು ಅಲ್ಲಿ ವಾಸವಿರುವ ಬಗ್ಗೆ ಅನುಮಾನ ಬಂತು.

"ಹನ್ನೊಂದಕ್ಕೆ ಹತ್ತೇ ನಿಮಿಷ ಇದೆ," ಎಂದು ನೆಲಮಾಳಿಗೆಯಿಂದ ಲಾಂಬ್ರೆಖ್ಟ್ ಕೂಗಿದ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು.

"ನೆರೆಯವರನ್ನ ಕೇಳೋದೊಂದೇ ಉಳಿದಿರೋದು," ಎಂದ ಓಡಿಲಾನ್.

ಮೇಡಂ ಕ್ಲೋತಿಲ್ಡ್ ಆಗಲೇ ತಮ್ಮ ಗೇಟಿನ ಹಿಂದೆ ನಿಂತಿದ್ದರು. ಹಿಂದೆ ನಿಂತಿದ್ದರು ಎನ್ನುವುದಕ್ಕಿಂತ ಹಿಂದೆ ಸಿಕ್ಕಿಕೊಂಡಿದ್ದರು ಎನ್ನುವುದೇ ಸರಿ. ಬಣ್ಣ ಒಣಗಿ ಗೇಟು ಕಂಬಕ್ಕೆ ಅಂಟಿಹೋಗಿತ್ತು. ನಿನ್ನೆ ಬೆಳಗಿನಿಂದ ಅವರು ಹೊರಗೆ ಬಂದಿರಲಿಲ್ಲ, ಬ್ರೆಡ್ಡನ್ನು ಬೇಲಿಯ ಮೇಲಿಂದ ಈಸಿಕೊಂಡಿದ್ದರು.

"ಮೇಡಂ, ಇವರು ಪೇಂಟರ್ ಅಂತ ನೀವೇ ಹೇಳಿದ್ರಿ. ಹೌದು ತಾನೆ?"

"ಪೇಂಟರಾ?" ಎಂದರು ಮೇಡಂ. ಎರಡು ದಿನದ ಸಿಟ್ಟು ಗಂಟಲಿಗೆ ಬಂದಿತ್ತು. "ಈ ಗೇಟು ನೋಡಿ. ನೋಡಿ ಅಂದೆ. ಇದು ಪೇಂಟರ್ ಮಾಡೋ ಕೆಲಸಾನಾ? ಬೀಗದ ಕಣ್ಣಿಗೇ ಬಳಿದಿದಾನೆ. ಇಗೋ ಇಲ್ಲಿ ನೋಡಿ, ಬ್ರಶ್ಶಿನ ಕೂದಲು ಒಂದು ಹಿಡಿ ಅಂಟಿದೆ. ನನ್ನ ಬೆಕ್ಕು ನಾಚ್ಕೊಂಡು ಮಂಚದ ಕೆಳಗೆ ಕೂತಿದೆ. ಐವತ್ತು ವರ್ಷದಲ್ಲಿ ಹತ್ತು ಪೇಂಟರುಗಳನ್ನ ಕಂಡಿದೀನಿ, ಕುಡುಕರನ್ನೂ ಕಂಡಿದೀನಿ. ಇವನು ಅವರಲ್ಲಿ ಯಾರೂ ಅಲ್ಲ."

"ಎರಡನೇ ಕೋಟು ಹಾಕಿದ್ರೆ ಸರಿಹೋಗ್ತಿತ್ತು," ಎಂದ ಫಿರ್ಮಿನ್. ಅವನಿಗೆ ನಿಜವಾಗಿಯೂ ನೋವಾಗಿತ್ತು. ಆ ಹಸಿರನ್ನು ಅವನು ಪ್ರೀತಿಯಿಂದ ಹಚ್ಚಿದ್ದ.

"ಪೇಂಟರ್ ಅಲ್ಲ ಅಂತೀರಾ?" ಓಡಿಲಾನ್ ಗೇಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೊಕ್ಕೆ ಬೊಕ್ಕೆಯಾಗಿ ಇಳಿದು ಗಟ್ಟಿಯಾದ ಬಣ್ಣ. ಅವನ ನಿಧಾನದ ಮುಖದಲ್ಲಿ ಏನೋ ಮೂಡತೊಡಗಿತು. "ನೀವೇನಂತೀರಿ ಮೆನೀರ್? ಇದು ಬಲ್ಲವರ ಕೆಲಸಾನಾ?"

ನೆಲಮಾಳಿಗೆಯಲ್ಲಿ ಸ್ಪ್ಯಾನರ್ ಒಮ್ಮೆ ಕಿರುಗುಟ್ಟಿತು. ಫಿರ್ಮಿನ್ ಗೇಟನ್ನು ನೋಡಿದ. ಇಡೀ ವಾರದಲ್ಲಿ ಅವನು ಮುಗಿಸಿದ್ದ ಕೆಲಸ ಅದೊಂದೇ.

"ಇಲ್ಲ," ಎಂದ. "ನನಗೆ ಬಣ್ಣ ಹಚ್ಚೋಕೆ ಬರಲ್ಲ. ಹಾಳು ಮಾಡ್ಬಿಟ್ಟೆ. ಕ್ಷಮಿಸಿ ಮೇಡಂ. ನಾನು ಫಿರ್ಮಿನ್ ದೊಬ್ಬೆಲಾರೆ, ನಿಮ್ಮ ಪಕ್ಕದ ಮನೆಯವನು. ಮಾರೋರಿಗೆ ಹೆದರಿ ಸುಳ್ಳು ಹೇಳಿದೆ. ಇನ್ನೊಂದು ಗಂಟೇಲಿ ನನ್ನ ಮಗಳು ಬರ್ತಾಳೆ."

ಮೇಡಂ ಗೇಟಿನ ಮೇಲಿಂದ ಬಗ್ಗಿದರು. "ಕೂಸಾ?" ಎಂದರು. ಆಮೇಲೆ ಪೊಲೀಸಿನ ಕಡೆ ತಿರುಗಿದರು. "ಇನ್ನೂ ಏನು ನಿಂತಿದೀಯಾ ಓಡಿಲಾನ್? ಈ ಬೀದೀಲಿ ಇಷ್ಟು ಕೆಟ್ಟದಾಗಿ ಕೆಲಸ ಮಾಡಿ ಮಾರನೇ ದಿನ ಮತ್ತೆ ಮುಖ ತೋರಿಸ್ತಾನೆ ಅಂದ್ರೆ ಅವನು ಇಲ್ಲೇ ವಾಸ ಇರ್ಬೇಕು. ಪೇಂಟರಾಗಿದ್ರೆ ಓಡಿಹೋಗ್ತಿದ್ದ. ಹಾಕು ಸಹಿ."

ಈ ತರ್ಕಕ್ಕೆ ಎದುರು ಹೇಳುವುದು ಕಾನೂನಿಗೂ ಸಾಧ್ಯವಿರಲಿಲ್ಲ. ಓಡಿಲಾನ್ "ಪೇಂಟರ್ ಅಲ್ಲ, ಆದ್ದರಿಂದ ವಾಸವಿದ್ದಾರೆ" ಎಂದು ಬರೆದು ಸಹಿ ಹಾಕಿದ.

ಲಾಂಬ್ರೆಖ್ಟ್ ನೆಲಮಾಳಿಗೆಯಿಂದ ಹೊರಗೆ ಬಂದು ಸಹಿ ನೋಡಿ ತಲೆಯಾಡಿಸಿದ. "ಸರಿ. ಕಂಪನಿ ಯಾವುದು?"

ಫಿರ್ಮಿನ್ ಜೇಬಿನಿಂದ ಪಟ್ಟಿ ಬಿಡಿಸಿದ. ಇಪ್ಪತ್ನಾಲ್ಕು ಕಾಲಮ್ಮು ಗಾಳಿಗೆ ಪಟಪಟಿಸಿದವು. "ನೋಡಿ, ಮೂರನೇದು ಪರವಾಗಿಲ್ಲ. ಆದ್ರೆ ಒಂಬತ್ತನೇದರಲ್ಲಿ ಫೋನ್ ಮಾಡಿದ್ರೆ..."

ಲಾಂಬ್ರೆಖ್ಟ್ ಗಡಿಯಾರ ನೋಡಿಕೊಂಡು ಚೀಲದೊಳಗೆ ಕೈ ಹಾಕಿದ. ಅದೇ ಕ್ಷಣದಲ್ಲಿ ಬೀದಿಯ ತುದಿಯಲ್ಲಿ ಒಂದು ಟ್ಯಾಕ್ಸಿ ತಿರುಗಿತು. ಒಂದು ಗಂಟೆ ಮೊದಲೇ.

ಫಿರ್ಮಿನ್ ಕೆಳಗೆ ಬಗ್ಗಿದ. ಗೇಟಿನಡಿ ಹದಿನೈದು ಕರಪತ್ರಗಳು ಹಸಿರು ಬಣ್ಣದಲ್ಲಿ ನೆಲಕ್ಕೆ ಅಂಟಿಕೊಂಡಿದ್ದವು. ಹದಿನಾಲ್ಕರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಡಬ್ಬ ಎತ್ತಿದ. ಅದರ ತಳದ ದುಂಡು ಗುರುತಿನೊಳಗೆ, ಗುಳಿಕೆನ್ನೆಯವನ ಕಂಪನಿಯ ಹೆಸರು ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು.

"ಇದು," ಎಂದ ಫಿರ್ಮಿನ್. ಜೀವನದಲ್ಲಿ ಮೊದಲ ಸಲ ಅವನಿಗೆ ಒಂದು ವಸ್ತು ಆರಿಸಲು ಎರಡು ಸೆಕೆಂಡು ಹಿಡಿದಿತ್ತು.

ಲೀಸೆಲೊಟ್ ನಿಧಾನವಾಗಿ ಇಳಿದು ಒಳಗೆ ಬಂದಳು. ಹಜಾರದ ಹೀಟರಿನ ಮೇಲೆ ಕೈಯಿಟ್ಟು ನೋಡಿದಳು. ಬೆಚ್ಚಗಿತ್ತು. ದೀಪದ ಸ್ವಿಚ್ ಒತ್ತಿದಳು. ಹತ್ತಿತು. ಅವಳ ಭುಜಗಳು ಸಡಿಲವಾದದ್ದು ನೋಡಿ ಫಿರ್ಮಿನ್ನನಿಗೆ ಕಣ್ಣು ತುಂಬಿ ಬಂತು.

"ಆರಿಸ್ದೆ ಅಲ್ವಾ?"

"ಆರಿಸ್ದೆ."

"ನೋಡಿದ್ಯಾ, ಸುಮ್ನೆ ಹೆದರಿದ್ದೆ ನಾನು." ಅವಳು ಕಿಟಕಿಯ ಬಳಿ ಕೂತು ಹೊರಗೆ ನೋಡಿದಳು. ಅಲ್ಲಿ ಒಬ್ಬ ಪೊಲೀಸ್ ಮತ್ತು ಒಬ್ಬ ಮೀಸೆಯವನು ಸೇರಿ ಪಕ್ಕದ ಮನೆಯ ಗೇಟನ್ನು ಸ್ಪ್ಯಾನರಿನಿಂದ ಮೀಟುತ್ತಿದ್ದರು. "ಅಯ್ಯೋ, ಆ ಗೇಟು ನೋಡು. ಯಾವ ಪುಣ್ಯಾತ್ಮ ಬಳಿದಿದಾನೆ ಅದನ್ನ? ಅವನನ್ನ ಮಾತ್ರ ನಮ್ಮ ಮನೆಗೆ ಕರೀಬೇಡ."

"ಇಲ್ಲ," ಎಂದ ಫಿರ್ಮಿನ್. "ಅವನು ಇಲ್ಲಿ ವಾಸ ಇಲ್ಲ."

ಲೀಸೆಲೊಟ್ ಅವನ ಕಡೆ ತಿರುಗಿದಳು. ಅವನ ಎಡಗಿವಿಯ ಹಿಂದೆ ಬೆರಳಗಲ ಹಸಿರು ಒಣಗಿ ನಿಂತಿತ್ತು. ಅದನ್ನೂ ಗೇಟನ್ನೂ ಒಮ್ಮೆ ನೋಡಿದಳು. ಮಗುವನ್ನು ಅವನ ಕೈಗೆ ಕೊಟ್ಟು, ಬಟ್ಟೆಯ ತುದಿ ಒದ್ದೆ ಮಾಡಿಕೊಂಡು ಅವನ ಕಿವಿ ಒರೆಸತೊಡಗಿದಳು.